ಚಿನ್ನದ ಗಣಿಯಲ್ಲಿ ಬಾಕಿ ಉಳಿದ ಲೆಕ್ಕ

ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಯ ಕಡಲೆಕಾಯಿ ಹೊಲಗಳನ್ನು ಬಿಟ್ಟು ಗೌರಿಬಿದನೂರು, ಚಿಕ್ಕಬಳ್ಳಾಪುರ, ಕೋಲಾರ ಹಾದು ಹೋದರೆ ಕೆ.ಜಿ.ಎಫ್. ಸಿಗುತ್ತದೆ. ದಾರಿಯುದ್ದಕ್ಕೂ ಬಂಡೆಗುಡ್ಡಗಳು. ಕೆ.ಜಿ.ಎಫ್.ನಲ್ಲಿ ಕಣ್ಣಿಗೆ ಬೀಳುವ ದಿಬ್ಬಗಳು ಮಾತ್ರ ಮನುಷ್ಯ ಒಟ್ಟಿದವು: ಚಿನ್ನ ತೆಗೆದ ಮೇಲೆ ಉಳಿದ ಸೈನೈಡ್ ಮಣ್ಣು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸುರಂಗಗಳಲ್ಲಿ ಈಗ ನೀರು.

ಆ ನೀರಿನಡಿ ಒಂದು ಪ್ರಶ್ನೆಯೂ ಮುಳುಗಿದೆ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯ 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬ್ರಿಟನ್ ಮತ್ತು ಜಪಾನಿನ ತಂಡಗಳೊಡನೆ ಸೇರಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಗುರುತಿಸಿದರು. ಮಂಗಳೂರಿನಲ್ಲಿ ಜನಿಸಿದ ಎಂ.ಜಿ.ಕೆ. ಮೆನನ್, ನಂಜನಗೂಡಿನ ಬಿ.ವಿ. ಶ್ರೀಕಂಠನ್ ಈ ಕೆಲಸದ ಮುಂಚೂಣಿಯಲ್ಲಿದ್ದರು. ವಿಶ್ವಕಿರಣಗಳ ಗದ್ದಲವನ್ನು ಸೋಸಲು ಅಷ್ಟು ಬಂಡೆ ಬೇಕಿತ್ತು.

1975ರಲ್ಲಿ ಅಲ್ಲಿಂದಲೇ ವಿಚಿತ್ರ ಸುದ್ದಿ ಬಂತು. ಬೆರಳೆಣಿಕೆಯ ಘಟನೆಗಳಲ್ಲಿ, ಗೋಡೆಗೂ ಉಪಕರಣಕ್ಕೂ ನಡುವಿನ ಗಾಳಿಯಲ್ಲೇ ಕಣಗಳ ಜಾಡು ಕವಲೊಡೆದಂತಿತ್ತು. ಗಾಳಿಯಂಥ ತೆಳು ವಸ್ತುವಿಗೆ ನ್ಯೂಟ್ರಿನೊ ಡಿಕ್ಕಿ ಹೊಡೆಯುವುದು ತೀರಾ ಅಪರೂಪ. ಹಾಗಾದರೆ ಹೊಸ ಕಣವೊಂದು ಅಲ್ಲಿ ಒಡೆಯಿತೇ? ನ್ಯೂಟ್ರಿನೊ ಬಂಡೆಗೆ ಬಡಿದು ಅದು ಹುಟ್ಟುವುದಾದರೆ ಸರ್ನ್, ಫರ್ಮಿಲ್ಯಾಬ್‌ಗಳ ವೇಗವರ್ಧಕಗಳಲ್ಲೂ ಕಾಣಬೇಕಿತ್ತು. ಹುಡುಕಿದರು, ಸಿಗಲಿಲ್ಲ. 2014ರಲ್ಲಿ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಇನ್ನೊಂದು ಸಾಧ್ಯತೆ ಮುಂದಿಟ್ಟರು: ಅದು ಬಂಡೆಯಲ್ಲಿ ಹುಟ್ಟಿದ್ದಲ್ಲ, ವಿಶ್ವದಲ್ಲೆಲ್ಲ ಹರಡಿರುವ ಕಪ್ಪು ದ್ರವ್ಯದ ಕಣವೊಂದು ಗಣಿಯೊಳಗೆ ತಾನಾಗಿ ಕ್ಷಯಿಸಿದ್ದಿರಬಹುದು.

ಕಪ್ಪು ದ್ರವ್ಯ ಸಾಮಾನ್ಯ ದ್ರವ್ಯದ ಸುಮಾರು ಐದು ಪಟ್ಟಿದೆ. ಗುರುತ್ವದಿಂದಲ್ಲದೆ ಬೇರಾವ ರೀತಿಯಲ್ಲೂ ಅದರ ಸುಳಿವು ಖಚಿತವಾಗಿ ದೊರೆತಿಲ್ಲ. ನೆಲದಾಳದಲ್ಲಿ ಕ್ಸೆನಾನ್‌ನಂಥ ಪರಮಾಣುಗಳ ಬೀಜಕ್ಕೆ ಅದು ಬಡಿದು ಕದಲಿಸೀತೇ ಎಂದು ಕಾಯುವುದು ಒಂದು ವಿಧಾನ. ಆದರೆ ಕಣ ತುಂಬ ಹಗುರವಾಗಿದ್ದರೆ? ಮಧುಗಿರಿ ಬೆಟ್ಟಕ್ಕೆ ಕಡಲೆಬೀಜ ಎಸೆದಂತೆ; ಬೆಟ್ಟ ಅಲುಗದು. ಅಲ್ಲಿ ನೆರವಿಗೆ ಬರುವುದು ಸರ್ನ್‌ನ 27 ಕಿಲೋಮೀಟರ್ ಸುತ್ತಳತೆಯ ಯಂತ್ರ. ಪ್ರೋಟಾನ್‌ಗಳು ಡಿಕ್ಕಿಯಾದಾಗ ಒಂದು ಬದಿಗೆ ಚಿಮ್ಮಿದ ಆವೇಗಕ್ಕೆ ಇನ್ನೊಂದು ಬದಿಯಲ್ಲಿ ಜೋಡಿ ಕಾಣದಿದ್ದರೆ, ಕಾಣದ ಕಣ ಹಾರಿಹೋಗಿದೆಯೇ ಎಂದು ಶಂಕಿಸಬೇಕು. ಅಂಥ ಕಣ ಈವರೆಗೆ ಸಿಕ್ಕಿಲ್ಲ. ಆದರೆ ಪ್ರತಿ ಸೋಲೂ ಅದು ಅಡಗಿರಬಹುದಾದ ಜಾಗವನ್ನು ಕಿರಿದಾಗಿಸುತ್ತದೆ.

ಕೋಲಾರದ ಘಟನೆಗಳಿಗೆ ಎಲ್ಲರೂ ಒಪ್ಪುವ ವಿವರಣೆ ಇನ್ನೂ ಇಲ್ಲ. ಅಂಥದೇ ಆಳದಲ್ಲಿ ಮತ್ತೆ ನೋಡಿದರೆ ತೀರ್ಮಾನವಾದೀತು. ಪಂಪು ನಿಂತ ಈ ಗಣಿಯಲ್ಲಿ ಅದು ಆಗದ ಮಾತು. ನಷ್ಟವೆಂದು ಮುಚ್ಚಿದ್ದು ಚಿನ್ನದ ಲೆಕ್ಕ. ವಿಜ್ಞಾನದ ಲೆಕ್ಕ ಬಾಕಿ ಇದೆ.