ನಮ್ಮೂರ ಶಾಲೆ, ಭಾಗ 4: ಹೊಸ ಟೀಚರ್ಸ್ ಬಂದ ದಿನ

ಹಾರ ಹಾಕ್ಕೊಂಡು ನಿಂತಿರೋ ಈ ಮೂರು ಜನ 2023ರ ಕೊನೆಗೆ ನಮ್ಮೂರ ಸರ್ಕಾರಿ ಶಾಲೆಗೆ ಬಂದ ಹೊಸ ಟೀಚರ್ಸ್. ಕೇಳದೆ ಹಾಕೋದು ಬೇಡ ಅಂತ ಮುಖ ಬ್ಲರ್ ಮಾಡಿದೀನಿ. ಹಿಂದೆ ಬಾಗಿಲ ಹತ್ರ ನೀಲಿ ಸೀರೆ ಸೆರಗು ಕಾಣ್ತಿದೆ ಅಲ್ವಾ? ಅದು ನಮ್ಮಮ್ಮ. ಅವಳ ವಿಷಯ ಕೊನೆಗೆ.

ಶಿರಾ ತಾಲ್ಲೂಕಿನ ಚಿಕ್ಕ ಊರು ನಮ್ದು. ಒಂದರಿಂದ ಎಂಟರವರೆಗೆ ಶಾಲೆ. ನಾನು ಓದುವಾಗ ಇಡೀ ಶಾಲೆಗೆ ಪರ್ಮನೆಂಟ್ ಟೀಚರ್ಸ್ ಮೂರೇ ಜನ. ಅದಕ್ಕೇ ಒಂದೇ ವಾರದಲ್ಲಿ ಮೂರು ಜನ ಹೊಸಬರು ಬರ್ತಾರೆ ಅಂದಾಗ ಊರಿಗೆ ಊರೇ ಹಬ್ಬ ಮಾಡ್ತು.

ಇವರು ಬಂದಿದ್ದೂ ಸುಲಭಕ್ಕಲ್ಲ. 2022ರಲ್ಲಿ ಸರ್ಕಾರ ಆರರಿಂದ ಎಂಟನೇ ಕ್ಲಾಸಿಗೆ 15,000 ಪದವೀಧರ ಶಿಕ್ಷಕರ ಹುದ್ದೆಗೆ ಅರ್ಜಿ ಕರೀತು. ಪರೀಕ್ಷೆ ಆಯ್ತು, ಪಟ್ಟಿನೂ ಬಂತು. ಆಮೇಲೆ ಮದುವೆಯಾದ ಹೆಣ್ಮಕ್ಕಳು ಜಾತಿ-ಆದಾಯ ಪ್ರಮಾಣಪತ್ರ ಅಪ್ಪನ ಹೆಸರಲ್ಲಿ ತರಬೇಕಾ, ಗಂಡನ ಹೆಸರಲ್ಲಿ ತರಬೇಕಾ ಅನ್ನೋ ಪ್ರಶ್ನೆ ಕೋರ್ಟ್ ಮೆಟ್ಟಿಲು ಹತ್ತಿತು. ಆರ್ಡರ್ ಕೈಗೆ ಸಿಗೋ ಹೊತ್ತಿಗೆ ವರ್ಷದ ಮೇಲಾಗಿತ್ತು.

ಈಗ ಒಬ್ಬೊಬ್ಬರ ಪರಿಚಯ.

ಎಡಗಡೆ ಇರೋರು ಸೋಶಿಯಲ್ ಸರ್. ವಿಜಯಪುರ ಜಿಲ್ಲೆಯವರು. ಬೆಂಗಳೂರಿನ ಪೀಣ್ಯದಲ್ಲಿ ಫ್ಯಾಕ್ಟರಿ ಕೆಲಸ ಮಾಡಿ ದುಡ್ಡು ಕೂಡಿಟ್ಟು, ಆಮೇಲೆ ಧಾರವಾಡದಲ್ಲಿ ರೂಮ್ ಮಾಡ್ಕೊಂಡು ಓದಿದವರು. ಮೊದಲ ದಿನ "ಎಲ್ಲಾರೂ ಆರಾಮ್ ಅದೀರೇನ್ರಿ?" ಅಂದಿದ್ದಕ್ಕೆ ಮಕ್ಕಳು ಬಿದ್ದು ಬಿದ್ದು ನಕ್ಕಿದ್ರಂತೆ. ಸರ್ ಬೇಜಾರು ಮಾಡ್ಕೊಳ್ಳಲಿಲ್ಲ. ಮಾರನೇ ದಿನ ಅದನ್ನೇ ಪಾಠ ಮಾಡಿದ್ರು: ನಮ್ಮ ಕಡೆ ಎರೆಮಣ್ಣು, ಮಳೆ ನಿಂತ ಮೇಲೂ ತೇವ ಹಿಡ್ಕೊಂಡಿರತ್ತೆ, ಅದರಲ್ಲೇ ಬಿಳಿಜೋಳ ಬೆಳೀತೀವಿ, ರೊಟ್ಟಿ ತಿಂತೀವಿ. ನಿಮ್ಮ ಕೆಂಪು ಮಣ್ಣು ನೀರು ಹಿಡಿಯಲ್ಲ, ಅದಕ್ಕೇ ನಿಮಗೆ ರಾಗಿ, ಶೇಂಗಾ. ನನ್ನ ತಮ್ಮ ಮನೆಗೆ ಬಂದು ಮುದ್ದೆ ನುಂಗ್ತಾ ನಮಗೆಲ್ಲ ಇದನ್ನ ಹೇಳ್ಕೊಟ್ಟ.

ಮಧ್ಯದವರು ಮ್ಯಾತ್ಸ್-ಸೈನ್ಸ್ ಮೇಡಂ. ಎಂಟು ವರ್ಷ ಪ್ರೈವೇಟ್ ಸ್ಕೂಲಲ್ಲಿ ಪಾಠ ಮಾಡಿದ್ರು. ಆ ಪ್ರಮಾಣಪತ್ರದ ಗಲಾಟೆಯಲ್ಲಿ ಸಿಕ್ಕಿಹಾಕ್ಕೊಂಡವರಲ್ಲಿ ಇವರೂ ಒಬ್ರು. ಕಾಯ್ತಾ ಇರುವಾಗಲೇ ಮಗು ಹುಟ್ಟಿತ್ತು. ಸೇರೋ ದಿನ ಮಗುನ ಅವರಮ್ಮ ಎತ್ಕೊಂಡು ಬೇವಿನ ಮರದ ಕೆಳಗೆ ಕೂತಿದ್ರು.

ಬಲಗಡೆ ಇಂಗ್ಲಿಷ್ ಮೇಡಂ. ಮೂವರಲ್ಲಿ ಚಿಕ್ಕವರು. ಅವರಪ್ಪ ಎಪಿಎಂಸಿಯಲ್ಲಿ ಹಮಾಲಿ. ಮನೇಲಿ ಡಿಗ್ರಿ ಮಾಡಿದ್ದೇ ಇವರು ಮೊದಲು. ಮಗಳನ್ನ ಬಿಡೋಕೆ ಬಂದ ಅಪ್ಪ ಆಫೀಸ್ ರೂಮೊಳಗೆ ಬರದೆ ಹೊರಗೇ ನಿಂತಿದ್ರು. ಹೆಡ್‌ಮೇಷ್ಟ್ರು ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಬಂದು ಕುರ್ಚಿ ಹಾಕಿ ಕೂರಿಸಿದ್ರು.

ಈಗ ನೀಲಿ ಸೀರೆ.

ಅಮ್ಮ ಅಲ್ಲಿ ಅತಿಥಿ ಶಿಕ್ಷಕಿ. ಕೊರೊನಾದಲ್ಲಿ ಶಾಲೆ ಮುಚ್ಚಿದ್ದು ಬಿಟ್ರೆ 2016ರಿಂದ ಇಂಗ್ಲಿಷ್ ಅವಳದ್ದೇ. ನನಗೂ ಅವಳೇ ಪಾಠ ಮಾಡಿದ್ದು, ಕ್ಲಾಸಲ್ಲಿ "ಮಿಸ್" ಅನ್ಬೇಕಿತ್ತು, ಬಾಯ್ತಪ್ಪಿ "ಅಮ್ಮ" ಅಂದು ಎಷ್ಟೋ ಸಲ ನಗೆಪಾಟಲಾಗಿದೀನಿ. 2023ರಲ್ಲಿ ತಿಂಗಳಿಗೆ 10,000 ಗೌರವಧನ. ಬೇಸಿಗೆ ರಜೆಗೆ ಅದೂ ಇಲ್ಲ. ಪರ್ಮನೆಂಟ್ ಟೀಚರ್ ಬಂದ ದಿನ ಅತಿಥಿ ಮನೆಗೆ ಹೋಗ್ಬೇಕು, ನಿಯಮನೇ ಹಾಗೆ. ಅಮ್ಮನೂ ಅದೇ 2022ರ ಪರೀಕ್ಷೆ ಬರೆದಿದ್ಲು. ಪಟ್ಟಿಯಲ್ಲಿ ಹೆಸರು ಬರಲಿಲ್ಲ.

ನಾನಾಗ ಬಿಕಾಂ ಮೊದಲ ಸೆಮ್. ಒಂದು ಕಡೆ ಡೆಬಿಟ್ ಆದ್ರೆ ಇನ್ನೊಂದು ಕಡೆ ಕ್ರೆಡಿಟ್ ಇದ್ದೇ ಇರತ್ತೆ ಅಂತ ಆಗಷ್ಟೇ ಕಲ್ತಿದ್ದೆ. ಆವತ್ತು ಇಡೀ ಊರು ಒಂದೇ ಕಡೆ ನೋಡ್ತಿದೆ ಅನ್ನಿಸ್ತು. ನಿಜ ಹೇಳ್ತೀನಿ, ಇಂಗ್ಲಿಷ್ ಮೇಡಂ ಮೇಲೆ ನಂಗೆ ಕೋಪ ಬಂದಿತ್ತು. ಸ್ವಾಗತದ ಊಟದ ಪಾಯಸ ಮುಟ್ಟಲಿಲ್ಲ.

ಆ ಭಾನುವಾರ ಮೇಡಂ ಮನೆಗೇ ಬಂದ್ರು. "ಅಕ್ಕಾ, ನಂಗೆ ಇದೇ ಮೊದಲ ಶಾಲೆ. ಮಕ್ಕಳ ಬಗ್ಗೆ ಹೇಳ್ತೀರಾ?" ಅಂದ್ರು. ಅಮ್ಮ ಒಳಗಿಂದ ಒಂದು ನೋಟ್‌ಬುಕ್ ತಂದ್ಲು. ಎರಡು ದಿನದಿಂದ ರಾತ್ರಿ ಕೂತು ಬರೀತಿದ್ದಿದ್ದು ಅದೇ ಅಂತ ನಂಗೆ ಆಗ ಗೊತ್ತಾಗಿದ್ದು. ಒಂದೊಂದು ಮಗುವಿಗೂ ಒಂದೊಂದು ಸಾಲು. ಇವಳಿಗೆ ಕನ್ನಡಕ ಇದೆ, ನಾಚ್ಕೊಂಡು ಹಾಕಲ್ಲ, ಮುಂದೆ ಕೂರಿಸಿ. ಇವನು ಸೋಮವಾರ ಬರಲ್ಲ, ಕುರಿ ಕಾಯೋಕೆ ಹೋಗ್ತಾನೆ, ಬೈಬೇಡಿ. ಇವನಿಗೆ ಓದೋಕೆ ಬರತ್ತೆ, ಎದ್ದು ನಿಂತ್ರೆ ಮಾತ್ರ ಬರಲ್ಲ.

ಮೇಡಂ ಓದ್ತಾ ಓದ್ತಾ ಅತ್ರು. ಅಮ್ಮ ಅಳಲಿಲ್ಲ. "ಕಾಫಿ ಆರೋಗತ್ತೆ ಕುಡಿಯಮ್ಮ" ಅಂದ್ಲು ಅಷ್ಟೆ.

ಮುಂದಿನ ಜೂನಲ್ಲಿ ಅಮ್ಮನಿಗೆ ಇನ್ನೊಂದು ಊರಲ್ಲಿ ಅತಿಥಿ ಕೆಲಸ ಸಿಕ್ತು. ಬೆಳಗ್ಗೆ ಏಳೂವರೆ ಬಸ್ಸು. ಅಲ್ಲೂ ಪರ್ಮನೆಂಟ್ ಟೀಚರ್ ಬರಬಹುದು, ಬರಲಿ, ಮಕ್ಕಳಿಗೆ ಒಳ್ಳೇದು ಅಂತಾಳೆ. ನಂಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಆದ್ರೆ ನನ್ನ ತಮ್ಮ ಈಗ ಇಂಗ್ಲಿಷಲ್ಲಿ ಎದ್ದು ನಿಂತು ಮಾತಾಡ್ತಾನೆ, ಕಲಿಸಿದ್ದು ಆ ಮೇಡಂ. ಅದನ್ನೂ ಬರ್ಕೋಬೇಕಲ್ವಾ, ಇಲ್ಲಾಂದ್ರೆ ಲೆಕ್ಕ ಟ್ಯಾಲಿ ಆಗಲ್ಲ.

ನಿಮ್ಮ ಶಾಲೆಗೆ ಹೊಸ ಟೀಚರ್ ಬಂದಾಗ ಅವರಿಗೂ ಮುಂಚೆ ಆ ಕ್ಲಾಸಲ್ಲಿ ಯಾರಿದ್ರು? ನೆನಪಿದ್ರೆ ಕಾಮೆಂಟಲ್ಲಿ ಹೇಳಿ. ನಂಬರ್ ಇದ್ರೆ ಇವತ್ತೇ ಒಂದು ಫೋನ್ ಮಾಡಿ.

ಭಾಗ 5 ಮುಂದಿನ ಭಾನುವಾರ: ಬಿಸಿಯೂಟದ ಅಡುಗೆ ಅಜ್ಜಿ.

#ನಮ್ಮೂರಶಾಲೆ #ಸರ್ಕಾರಿಶಾಲೆ #ಅತಿಥಿಶಿಕ್ಷಕರು