ಹಲೋ ಅಂದ್ಮೇಲೆ ಏನು?

ದೀಪಾವಳಿ ರಜೆಗೆ ಅಪ್ಪನೇ ಹಾಸ್ಟೆಲ್‌ಗೆ ಬಂದು ಕಾರಲ್ಲಿ ಕರ್ಕೊಂಡು ಹೋದ್ರು. ದಾರೀಲಿ "ಆ ಹಲೋ ಹಾಡು ಹಾಕೋ" ಅಂದ್ರು. ನಮ್ಮಪ್ಪಂಗೆ ಅಡೆಲ್ ಗೊತ್ತಾ ಅಂತ ಖುಷಿಯಾಗಿ ಹಾಕಿದೆ. ಪಿಯಾನೋ ಶುರುವಾಗಿದ್ದೇ ತಡ, "ಇದಲ್ವೋ, ಲಯನಲ್ ರಿಚೀದು" ಅಂದ್ರು.

ಆಗ್ಲೇ ಗೊತ್ತಾಗಿದ್ದು, ನಾನು ಹುಟ್ಟೋಕೆ ಎಷ್ಟೋ ವರ್ಷ ಮೊದಲೇ, 1984ರಲ್ಲಿ, ಇನ್ನೊಂದು 'ಹಲೋ' ಅಮೆರಿಕದಲ್ಲೂ ಬ್ರಿಟನ್‌ನಲ್ಲೂ ನಂಬರ್ ಒನ್ ಆಗಿತ್ತು ಅಂತ. ಅಡೆಲ್‌ದು ಬಂದಿದ್ದು 2015ರಲ್ಲಿ. ಅದೂ ಎರಡೂ ಕಡೆ ನಂಬರ್ ಒನ್ನೇ.

ಒಂದೇ ಹೆಸರಿಟ್ರೆ ಕೇಸ್ ಹಾಕಲ್ವಾ? ಹಾಕೋಕಾಗಲ್ಲ. ಅಮೆರಿಕದ ಕಾಪಿರೈಟ್ ಕಾನೂನು ಹಾಡಿನ ಸಾಹಿತ್ಯ, ಸಂಗೀತವನ್ನ ಕಾಯುತ್ತೆ, ಬರೀ ಶೀರ್ಷಿಕೆಯನ್ನಲ್ಲ. ಅದಕ್ಕೇ 1984-85ರಲ್ಲಿ 'ದಿ ಪವರ್ ಆಫ್ ಲವ್' ಅನ್ನೋ ಹೆಸರಲ್ಲಿ ಜೆನಿಫರ್ ರಶ್, ಫ್ರಾಂಕಿ ಗೋಸ್ ಟು ಹಾಲಿವುಡ್, ಹ್ಯೂಯಿ ಲೂಯಿಸ್ ತಂಡ, ಹೀಗೆ ಮೂರು ಬೇರೆ ಬೇರೆ ಹಾಡು ಬಂದು, ಮೂರೂ ಹಿಟ್ ಆದ್ವು.

ಎರಡು 'ಹಲೋ'ಗಳನ್ನ ಒಂದಾದ ಮೇಲೊಂದು ಕೇಳಿದ್ವಿ. ರಿಚೀ ಹಾಡಿನವನು ಪ್ರೀತಿಯನ್ನ ಮನಸ್ಸಲ್ಲೇ ಇಟ್ಕೊಂಡಿದ್ದಾನೆ, ಅವಳಿಗಿನ್ನೂ ಹೇಳೇ ಇಲ್ಲ. ಅಡೆಲ್ ಹಾಡಿನವಳು ಎಲ್ಲಾ ಮುಗಿದು ವರ್ಷಗಳಾದ ಮೇಲೆ ಕ್ಷಮೆ ಕೇಳೋಕೆ ಫೋನ್ ಮಾಡ್ತಾಳೆ, ಆ ಕಡೆ ಯಾರೂ ಸಿಗಲ್ಲ. ಒಬ್ಬನಿಗೆ ಶುರು ಮಾಡೋಕೆ ಧೈರ್ಯ ಇಲ್ಲ, ಇನ್ನೊಬ್ಬಳಿಗೆ ತಡವಾಗಿದೆ. ಇಬ್ಬರದ್ದೂ ಹಲೋ ಹತ್ರಾನೇ ನಿಂತಿದೆ.

ನನ್ನದೂ ಅಷ್ಟೇ ಆಗಿತ್ತು. ದಿನಾ ರಾತ್ರಿ ಅಪ್ಪನ ಫೋನ್ ಬರುತ್ತೆ. "ಹಲೋ, ಊಟ ಆಯ್ತಾ?" "ಆಯ್ತು." "ಓದ್ತಿದ್ದೀಯಾ?" "ಹ್ಞೂಂ." ಕಾಲ್ ಲಾಗ್ ನೋಡಿದ್ರೆ ಎಲ್ಲಾ ನಲವತ್ತು ಸೆಕೆಂಡ್. ಎರಡನೇ ಸೆಮ್ ಮ್ಯಾಥ್ಸ್ ಬ್ಯಾಕ್ ಆಗಿದೆ ಅನ್ನೋದು ಆ ನಲವತ್ತು ಸೆಕೆಂಡಲ್ಲಿ ಒಂದು ದಿನಾನೂ ಹಿಡಿಸಿರಲಿಲ್ಲ.

ಅಡೆಲ್ ಹಾಡು ಮುಗಿದಾಗ ಹೇಳಿಬಿಟ್ಟೆ. ರಸ್ತೆ ನೋಡ್ತಾನೇ ಇದ್ದೆ, ಅಪ್ಪನ ಮುಖ ನೋಡಲಿಲ್ಲ.

"ಯಾವಾಗ ಗೊತ್ತಾಯ್ತು?"

"ಎರಡು ತಿಂಗಳಾಯ್ತು."

ಬೈತಾರೆ ಅಂದ್ಕೊಂಡಿದ್ದೆ. "ದಿನಾ ಫೋನ್ ಮಾಡ್ತಿದ್ನಲ್ಲೋ" ಅಂದ್ರು. ಬೈದಿದ್ರೇ ವಾಸಿ ಇತ್ತು.

ಆಮೇಲೆ ಕಾಫಿಗೆ ಗಾಡಿ ನಿಲ್ಲಿಸಿದ್ರು. ಮತ್ತೆ ಪರೀಕ್ಷೆ ಯಾವಾಗ, ಯಾವ ಚಾಪ್ಟರ್ ಕಷ್ಟ, ಟ್ಯೂಷನ್ ಬೇಕಾ ಅಂತ ಕೇಳಿದ್ರು. ತಾವು ಡಿಗ್ರೀಲಿ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಫೇಲಾಗಿದ್ದನ್ನೂ ಹೇಳಿದ್ರು. ಅದನ್ನ ನಾನು ಹತ್ತೊಂಬತ್ತು ವರ್ಷದಲ್ಲಿ ಮೊದಲನೇ ಸಲ ಕೇಳಿದ್ದು.

ಈಗಲೂ ಫೋನಲ್ಲಿ ಮೊದಲು ಊಟದ್ದೇ ಪ್ರಶ್ನೆ. ಆದ್ರೆ ಮೊನ್ನೆ ಇಂಟಿಗ್ರೇಷನ್ ಬಗ್ಗೆ ಗೋಳಾಡಿದ ಕಾಲ್ ಹನ್ನೊಂದು ನಿಮಿಷ ಹೋಗಿತ್ತು. ಯಾವ ಹಲೋ ಒಳ್ಳೇದು ಅನ್ನೋ ಜಗಳ ಮಾತ್ರ ಇನ್ನೂ ಮುಗಿದಿಲ್ಲ.