ಲೆಕ್ಕಣಿಕೆಯ ಮೊನೆ

ನವರಾತ್ರಿಯಲ್ಲಿ ಪುಸ್ತಕಗಳನ್ನೂ ಲೇಖನಿಯನ್ನೂ ಮಣೆಯ ಮೇಲಿಟ್ಟು ಪೂಜಿಸುವ ಪದ್ಧತಿ ಕನ್ನಡನಾಡಿನ ಮನೆಗಳಲ್ಲಿ ಬಹು ಕಾಲದಿಂದ ನಡೆದುಬಂದಿರುವುದು. ಒಕ್ಕಲಿಗನಿಗೆ ನೇಗಿಲು ಹೇಗೋ ಬರೆಯುವವನಿಗೆ ಲೆಕ್ಕಣಿಕೆ ಹಾಗೆ. ಆದರೆ ಗುಳ ಸವೆದೊಡನೆ ಕುಲುಮೆಗೆ ಓಡುವ ಒಕ್ಕಲಿಗನ ಎಚ್ಚರವು ಬರೆಯುವವನಿಗೆ ತನ್ನ ಲೇಖನಿಯ ಮೊನೆಯ ವಿಷಯದಲ್ಲಿ ಇರುವುದು ಅಪೂರ್ವ. ವರ್ಷಕ್ಕೊಂದು ದಿನ ಅದಕ್ಕೆ ಕುಂಕುಮವಿಟ್ಟು ಕೈಮುಗಿದರೆ ಕರ್ತವ್ಯವು ತೀರಿತೆಂದೇ ಭಾವನೆ. ಅದು ಕೈಕೊಟ್ಟಾಗಲಷ್ಟೇ ಅದರ ನೆನಪು.

ಬಸವಾಪಟ್ಟಣವು ಬರೆಹಕ್ಕೆ ಹೊಸದಾದ ಊರಲ್ಲ. 1687ರಲ್ಲಿ ಮೊಗಲರು ಶಿರಾ ಸುಬೆಯನ್ನು ಏರ್ಪಡಿಸಿದಾಗ ಅದರ ಏಳು ಪರಗಣೆಗಳಲ್ಲಿ ಬಸವಾಪಟ್ಟಣದ್ದೂ ಒಂದಾಗಿದ್ದಿತು. ಪರಗಣೆಯೆಂದ ಮೇಲೆ ಕಂದಾಯ, ಕಂದಾಯವೆಂದ ಮೇಲೆ ಲೆಕ್ಕ, ಲೆಕ್ಕವೆಂದ ಮೇಲೆ ಬರೆಯುವ ಕೈ. ಈ ಸೀಮೆಯ ಕರಣಿಕರು ಇದ್ದಿಲ ಪುಡಿಯನ್ನೂ ಹುಣಿಸೆಬೀಜದ ಸರಿಯನ್ನೂ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆದವರು. ಅದಕ್ಕೂ ಹಿಂದಣವರು ತಾಳೆಗರಿಯ ಮೇಲೆ ಕಂಟದಿಂದ ಕೊರೆದು ಕಾಡಿಗೆ ಸವರಿದವರು. ನೇರವಾದ ಗೆರೆ ಗರಿಯನ್ನು ಸೀಳುವುದಾದ್ದರಿಂದ ಕನ್ನಡದ ಅಕ್ಷರಗಳು ದುಂಡಗಾದುವೆಂದು ತಿಳಿದವರು ಹೇಳುವರು. ಆ ದುಂಡುತನವೇ ಈಗಿನ ಪ್ರಸಂಗಕ್ಕೆ ಮುಖ್ಯವಾದುದು.

ಈ ಊರಿನಲ್ಲಿ ನಿವೃತ್ತರಾದ ಉಪಾಧ್ಯಾಯರೊಬ್ಬರಿರುವರು. ವಯಸ್ಸು ಎಪ್ಪತ್ತೆರಡು. ಎಂಟು ವರ್ಷ ಹಿರಿಯರಾದ ಅವರ ಅಣ್ಣನವರು ಶಿವಮೊಗ್ಗದಲ್ಲಿ ಮಗನ ಮನೆಯಲ್ಲಿರುವರು. ಅಡಕೆಯ ತೋಟವನ್ನು ಪಾಲುಮಾಡಿಕೊಳ್ಳುವಾಗ ಒಂದು ಬದುವಿನ ವಿಷಯವಾಗಿ ಮಾತಿಗೆ ಮಾತು ಬೆಳೆದು, ಅಣ್ಣತಮ್ಮಂದಿರಲ್ಲಿ ಹನ್ನೊಂದು ವರ್ಷಗಳಿಂದ ಮಾತುಕತೆ ನಿಂತಿದ್ದಿತು. ಆ ಬದುವಿನ ಅಗಲ ಎರಡು ಮೊಳ. ಅಣ್ಣನವರ ಕಿವಿ ಈಚೆಗೆ ಪೂರ್ತಿಯಾಗಿ ಮಂದವಾಗಿರುವುದೆಂದೂ, ಕಣ್ಣಿನ ಪೊರೆ ತೆಗೆಸಿದ ಮೇಲೆ ಓದುವುದಕ್ಕೆ ಮಾತ್ರ ತೊಂದರೆಯಿಲ್ಲವೆಂದೂ ಯಾರೋ ಬಂದು ಹೇಳಿದರು. ದೂರವಾಣಿಯಲ್ಲಿ ಮಾತನಾಡುವ ಕಾಲ ಮೀರಿತು. ಇನ್ನು ಪತ್ರವೊಂದೇ ದಾರಿ ಎಂಬುದು ಉಪಾಧ್ಯಾಯರಿಗೆ ಆ ಸಂಜೆ ಹೊಳೆಯಿತು.

ಪತ್ರ ಬರೆಯಲು ಕುಳಿತರೆ ಕೈ ನಡೆಯಲಿಲ್ಲ. ಮನಸ್ಸಿನ ಅಳುಕು ಒಂದು, ಹೆಬ್ಬೆರಳಿನ ಕೀಲುನೋವು ಇನ್ನೊಂದು. 1938ರಲ್ಲಿ ಬಿರೋ ಎಂಬ ಹಂಗೇರಿಯವನು ಹಕ್ಕುಪತ್ರ ಪಡೆದ ಬಾಲ್ ಪೆನ್ನು ಲೋಕಕ್ಕೆ ಮಹೋಪಕಾರಿಯೇ ಸರಿ. ಅದರ ಮಸಿ ಜಿಡ್ಡಿನಂತೆ ಮಂದ. ಬೇಗ ಒಣಗುವುದು, ಸೋರುವುದಿಲ್ಲ. ಆದರೆ ಅದರ ಗುಂಡು ಉರುಳಬೇಕಾದರೆ ಒತ್ತಲೇಬೇಕು. ಎಳೆಯ ಕೈಗೆ ಆ ಒತ್ತಡ ಲೆಕ್ಕಕ್ಕೆ ಬಾರದು. ಹಳೆಯ ಕೈಗೆ ಹತ್ತು ಸಾಲಿನಲ್ಲಿ ತಿಳಿಯುವುದು. ಮೂರು ಹಾಳೆಗಳು ಅರ್ಧಕ್ಕೆ ನಿಂತು ಹರಿದುಹೋದುವು. ಆಗ ಮೊಮ್ಮಗಳು, “ಅಜ್ಜ, ಮಸಿ ಪೆನ್ನಿನಲ್ಲಿ ಬರೆಯಿರಿ, ಒತ್ತುವುದೇ ಬೇಡ” ಎಂದಳು. ಸ್ವತಃ ಮೂವತ್ತು ವರ್ಷ ಹುಡುಗರಿಗೆ ಹೇಳಿದ್ದ ಮಾತನ್ನು ಹುಡುಗಿಯ ಬಾಯಿಂದ ಕೇಳಿ ಉಪಾಧ್ಯಾಯರು ನಕ್ಕರು; ಮರುದಿನವೇ ದಾವಣಗೆರೆಯ ಬಸ್ಸು ಹತ್ತಿದರು.

ಅಂಗಡಿಯವನು ಗಾಜಿನ ಹಲಗೆಯ ಮೇಲೆ ಹತ್ತಾರು ಪೆನ್ನುಗಳನ್ನು ಹರಡಿದನು. ಮಿನುಗುವುದನ್ನು ಕೊಳ್ಳುವವರೇ ಹೆಚ್ಚು. ಉಪಾಧ್ಯಾಯರು ಹಾಗೆ ಮಾಡಲಿಲ್ಲ. ಮೊದಲು ತೂಕವನ್ನು ನೋಡಿದರು. ಹಿತ್ತಾಳೆಯ ಒಡಲಿನ ಪೆನ್ನು ಗಂಭೀರವಾಗಿ ಕಂಡರೂ ಒಂದು ಪುಟ ಬರೆಯುವುದರೊಳಗೆ ಕೈಯನ್ನು ಎಳೆಯುವುದು. ಆಮೇಲೆ ಗಾತ್ರ. ತೀರ ಸಣ್ಣ ಪೆನ್ನನ್ನು ಬೆರಳುಗಳು ಬಿಗಿಯಾಗಿ ಹಿಡಿಯಬೇಕಾಗುವುದರಿಂದ ಕೀಲುನೋವಿನವರಿಗೆ ಸ್ವಲ್ಪ ದಪ್ಪನೆಯದೇ ಹಿತ. ಮುಚ್ಚಳವನ್ನು ಹಿಂದಕ್ಕೆ ಸಿಕ್ಕಿಸಿದಾಗ ಪೆನ್ನು ಹಿಂದಕ್ಕೆ ವಾಲುವುದೋ ಎಂಬುದನ್ನೂ ಪರೀಕ್ಷಿಸಿದರು. ಬಂಗಾರದ ಮುಳ್ಳಿನ ಪೆನ್ನೊಂದನ್ನು ಅಂಗಡಿಯವನು ಬಹಳ ಹೊಗಳಿದನು. ಹಿಂದಿನ ಕಾಲದ ಹುಳಿಮಸಿ ಕಬ್ಬಿಣವನ್ನು ತಿನ್ನುತ್ತಿದ್ದಿತಾದ್ದರಿಂದ ಬಂಗಾರಕ್ಕೆ ಅಂದು ಕಾರಣವಿದ್ದಿತು. ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ ಅದು ಬಹುಮಟ್ಟಿಗೆ ಶೋಭೆಯ ಮಾತು. ಕಾಗದವನ್ನು ಮುಟ್ಟುವುದು ಬಂಗಾರವೂ ಅಲ್ಲ, ಉಕ್ಕೂ ಅಲ್ಲ. ತುದಿಯಲ್ಲಿ ಬೆಸೆದಿರುವ ಸಾಸಿವೆಗಿಂತ ಸಣ್ಣದಾದ ಗಟ್ಟಿಲೋಹದ ಹರಳು.

ಕೊನೆಗೆ ಅವರು ಆರಿಸಿದ್ದು ಎಬೊನೈಟಿನ ಒಂದು ಕಪ್ಪು ಪೆನ್ನನ್ನು. ರಬ್ಬರಿಗೆ ಗಂಧಕವನ್ನು ಸೇರಿಸಿ ಕಾಯಿಸಿ ಗಟ್ಟಿಮಾಡಿದ ಈ ವಸ್ತು ಹಗುರ, ಹಿಡಿದರೆ ಬೆಚ್ಚಗಿರುವುದು. ಬಿಸಿನೀರಿಗೂ ಬಿಸಿಲಿಗೂ ಮಾತ್ರ ಬಣ್ಣಗೆಡುವುದು. ರಾಜಮಹೇಂದ್ರಿಯ ರತ್ನಂ ಅವರು ಸ್ವದೇಶೀ ಚಳವಳಿಯ ಕಾಲದಲ್ಲಿ ತಯಾರಿಸಿ, 1935ರಲ್ಲಿ ಗಾಂಧೀಜಿಯವರಿಂದ ಮೆಚ್ಚುಗೆಯ ಕಾಗದವನ್ನು ಪಡೆದ ಪೆನ್ನುಗಳೂ ಇಂಥವೇ. ಒಡಲಿಗೇ ನೇರವಾಗಿ ಮಸಿಯನ್ನು ತುಂಬುವ ಬಗೆಯದಾದ್ದರಿಂದ ಒಳಗೆ ಕೆಡುವ ಯಂತ್ರವಾವುದೂ ಇಲ್ಲ. ಸಣ್ಣ ಮೊನೆಯನ್ನೇ ಬೇಡಿದರು. ದಪ್ಪ ಮೊನೆಯಲ್ಲಿ ಒತ್ತಕ್ಷರಗಳು ಮಸಿಯ ಮುದ್ದೆಯಾಗುವುವು. ಚಪ್ಪಟೆ ಮೊನೆಯು ಇಂಗ್ಲಿಷಿನ ಓರೆಬರೆಹಕ್ಕೆ ಸೊಗಸು ತಂದರೂ ಕನ್ನಡದ ಸುಳಿ ಕೊಂಬುಗಳಲ್ಲಿ ಅಂಚು ತಗಲಿ ಕಾಗದವನ್ನು ಕೆರೆಯುವುದು.

ಮನೆಗೆ ಬಂದು ಮಸಿ ತುಂಬಿ ಮೊದಲು ಬರೆದುದು ‘ಠ’ ಎಂಬ ಅಕ್ಷರವನ್ನು. ಅದಕ್ಕೊಂದು ಹಿಂದಿನ ಕಥೆಯುಂಟು.

ಅವರಿಗೆ ಒಂಬತ್ತು ವರ್ಷವಾಗಿದ್ದಾಗ ಅಣ್ಣನು ಅಡಕೆ ಸುಲಿದ ಕೂಲಿಯನ್ನು ಕೂಡಿಟ್ಟು ಚನ್ನಗಿರಿಯಲ್ಲಿ ಒಂದು ಫೌಂಟನ್ ಪೆನ್ನನ್ನು ಕೊಂಡು ತಂದಿದ್ದನು. ಅದು ಸ್ವಲ್ಪ ಕೆರೆಯುತ್ತಿದ್ದಿತು. ಕುಡುಗೋಲನ್ನು ಕಲ್ಲಿಗೆ ಮಸೆದರೆ ನುಣುಪಾಗುವುದನ್ನು ನೋಡಿದ್ದ ಹುಡುಗನು ಅಣ್ಣನಿಲ್ಲದಾಗ ಆ ಮುಳ್ಳನ್ನು ಸಾಣೆಕಲ್ಲಿಗೆ ಹಾಕಿ ಚೆನ್ನಾಗಿ ಉಜ್ಜಿದನು. ಹರಳು ಹೋಯಿತು, ಉಳಿದುದು ಸೂಜಿಯಂಥ ಎರಡು ಕವಲು. ಅಣ್ಣನು ಹೊಡೆಯಲಿಲ್ಲ. ಮುಳ್ಳನ್ನು ಬೆಳಕಿಗೆ ಹಿಡಿದು ನೋಡಿ, “ಲೋ, ಮುಳ್ಳಿಗೆ ಏನಾಗಿದೆ ಅಂತ ಮೊದಲು ಅದನ್ನೇ ಕೇಳಬೇಕು ಕಣೋ. ಠ ಬರೆ, ಅದು ಹೇಳುತ್ತದೆ” ಎಂದನಷ್ಟೆ. ಬೇರೆಯ ಮುಳ್ಳಿಗಾಗಿ ಮತ್ತೆ ಒಂದು ಸುಗ್ಗಿಯವರೆಗೆ ಕಾದನು.

‘ಠ’ ಹೇಳುವುದು ನಿಜ. ಆ ದುಂಡನೆಯ ಗೆರೆಯಲ್ಲಿ ಮೊನೆಯು ಕೆಳಕ್ಕೆ, ಮೇಲಕ್ಕೆ, ಎಡಕ್ಕೆ, ಬಲಕ್ಕೆ ನಾಲ್ಕು ಕಡೆಗೂ ಒಮ್ಮೆ ಸಾಗುವುದು. ಒಂದು ಮಗ್ಗುಲಿಗೆ ನುಣ್ಣಗೆ ಸಾಗಿ ಇನ್ನೊಂದು ಮಗ್ಗುಲಿಗೆ ಕೆರೆದರೆ ಕವಲುಗಳೆರಡೂ ಸಮನಾಗಿಲ್ಲವೆಂದು ಅರ್ಥ. ಎಲ್ಲ ಕಡೆಗೂ ನುಣುಪಾಗಿದ್ದು ಗೆರೆ ಮಾತ್ರ ನಡುನಡುವೆ ಕಡಿದರೆ ಮಸಿಯ ದಾರಿ ಕಟ್ಟಿದೆಯೆಂದು ಅರ್ಥ. ಹೊಸ ಪೆನ್ನಿನಲ್ಲಿ ಎರಡು ದೋಷಗಳೂ ಇದ್ದುವು.

ಮಸಿಯ ದಾರಿಯೆಂಬುದು ಏನು? ಬಸವಾಪಟ್ಟಣದವರಿಗೆ ಅದನ್ನು ತಿಳಿಸುವುದು ಸುಲಭ, ಸಮೀಪದಲ್ಲಿಯೇ ಸೂಳೆಕೆರೆಯಿರುವುದು. ಗುಡ್ಡಗಳ ನಡುವಣ ಒಂದು ಏರಿ ಅಷ್ಟು ನೀರನ್ನು ತಡೆದು ನಿಲ್ಲಿಸಿದೆ. ಗದ್ದೆಗೆ ಬೇಕಾದಷ್ಟು ಮಾತ್ರ ತೂಬಿನಿಂದ ಹೊರಡುವುದು. ಪೆನ್ನಿನ ಒಡಲು ಕೆರೆ, ಮುಳ್ಳಿನಡಿಯ ನಾಲಗೆ ತೂಬು, ಮುಳ್ಳಿನ ಸೀಳು ಕಾಲುವೆ. ಆದರೆ ಇಲ್ಲಿ ನೀರಿಳಿಜಾರೊಂದೇ ಸಾಲದು. ಕೂದಲೆಳೆಯಷ್ಟು ಕಿರಿದಾದ ಸಂದಿನಲ್ಲಿ ದ್ರವವು ತಾನಾಗಿ ಸೇರಿ ಮುಂದುವರಿಯುವ ಕೇಶಾಕರ್ಷಣವೇ ಮಸಿಯನ್ನು ಮೊನೆಗೆ ತರುವುದು. ಹೊರಬಿದ್ದ ಮಸಿಯ ಜಾಗಕ್ಕೆ ಅಷ್ಟೇ ಗಾಳಿ ಒಳಗೆ ಹೋಗಬೇಕು. ಇಲ್ಲವಾದರೆ ಹರಿವು ನಿಲ್ಲುವುದು. 1884ರಲ್ಲಿ ಅಮೆರಿಕೆಯ ವಾಟರ್‌ಮನ್ ಎಂಬವನು ಹಕ್ಕುಪತ್ರ ಪಡೆದುದು ಈ ಕೊಡುಕೊಳ್ಳುವಿಕೆಯನ್ನು ಹದದಲ್ಲಿಡುವ ನಾಲಗೆಗೆ. ಪೆನ್ನು ಅರ್ಧಕ್ಕಿಂತ ಬರಿದಾದಾಗ ಕೈಯ ಕಾವಿಗೆ ಒಳಗಿನ ಗಾಳಿ ಹಿಗ್ಗಿ ಮಸಿಯನ್ನು ತೊಟ್ಟಿಕ್ಕಿಸುವುದೂ ಇದರಿಂದಲೇ. ಆದಕಾರಣ ಇಂಥ ಪೆನ್ನನ್ನು ಆಗಾಗ ತುಂಬಿಡುವುದು ಮೇಲು.

ಉಪಾಧ್ಯಾಯರು ಮೊದಲು ಮುಳ್ಳನ್ನೂ ನಾಲಗೆಯನ್ನೂ ಒಂದು ಹನಿ ಸಾಬೂನು ಬೆರೆಸಿದ ತಣ್ಣೀರಿನಲ್ಲಿ ತೊಳೆದರು. ಹೊಸ ಪೆನ್ನಿನಲ್ಲಿ ಕಾರ್ಖಾನೆಯ ಎಣ್ಣೆಯ ಪಸೆ ಉಳಿದಿದ್ದು ಮಸಿಯನ್ನು ತಡೆಯುವುದುಂಟು. ತೊಳೆದ ಮೇಲೆ ಹರಿವು ಕೊಂಚ ಸುಧಾರಿಸಿತು, ಕೆರೆತ ಹೋಗಲಿಲ್ಲ. ಮೊಮ್ಮಗಳು ಭೂತಗನ್ನಡಿಯನ್ನು ಹಿಡಿದಳು. ಎದುರಿನಿಂದ ನೋಡಿದರೆ ಒಂದು ಕವಲು ಎಳ್ಳಿನ ಸಿಪ್ಪೆಯಷ್ಟು ಮೇಲಿದ್ದಿತು. ಮೇಲಿನದನ್ನು ಹೆಬ್ಬೆರಳ ಉಗುರಿನಿಂದ ಮೆಲ್ಲನೆ ಅದುಮಿ, ಬಿಟ್ಟು, ನೋಡಿದರು. ಮತ್ತೆ ಅದುಮಿ ನೋಡಿದರು. ಒಂದೇ ಸಲ ಬಲಪ್ರಯೋಗ ಮಾಡಿದರೆ ಅದು ಕೆಳಗೆ ಹೋಗಿ ತೊಂದರೆ ಮಗ್ಗುಲು ಬದಲಾಯಿಸುವುದೇ ಹೊರತು ತೀರುವುದಿಲ್ಲ. ಆರೇಳು ಸಲವಾದ ಮೇಲೆ ಎರಡೂ ಸಮನಾದುವು. ಬಳಿಕ ಬೆಳಕಿಗೆ ಹಿಡಿದರು. ಸೀಳು ಮೊನೆಯ ಕಡೆಗೆ ಕಿರಿದಾಗುತ್ತ ಬರಬೇಕು, ಆದರೆ ಮುಚ್ಚಿಹೋಗಬಾರದು. ಮುಚ್ಚಿದ್ದ ಕಡೆಯಲ್ಲಿ ಕಾಗದದಷ್ಟು ತೆಳುವಾದ ಹಿತ್ತಾಳೆಯ ತಗಡಿನ ಚೂರನ್ನು ಎರಡು ಸಲ ಎಳೆದರು.

ಇನ್ನು ಉಳಿದುದು ನಯಗೊಳಿಸುವ ಕೆಲಸ. ಗಾಜನ್ನು ನುಣುಪುಮಾಡುವ ಅತಿ ಸಣ್ಣ ಕಣದ ಉಜ್ಜುಹಾಳೆಯ ಮೇಲೆ ಪೆನ್ನಿನ ಭಾರವನ್ನಷ್ಟೇ ಬಿಟ್ಟು ನಾಲ್ಕಾರು ಸುತ್ತು ತಿರುಗಿಸಿ, ಪ್ರತಿ ಸಲವೂ ಬರೆದು ನೋಡುವುದು ವಿಹಿತ. ಹೋದ ಹರಳು ಮರಳಿ ಬಾರದು. ಅತಿಯಾಗಿ ನುಣುಪಾದರೆ ಮೊನೆಯು ಸೀಳಿನ ಬಾಯಲ್ಲಿ ಉರುಟಾಗಿ ಮಸಿಯು ಕಾಗದವನ್ನು ಮುಟ್ಟುವುದೇ ಇಲ್ಲ. ಉಪಾಧ್ಯಾಯರ ಕೈಯಲ್ಲಿ ಆ ಹಾಳೆಯಿದ್ದಿತು. ನಾಲ್ಕು ಸುತ್ತಿಗೆ ಕೈ ತಾನಾಗಿ ನಿಂತಿತು. ಕೊಂಚ ಕೆರೆತ ಉಳಿದಿದ್ದರೂ ಇರಲೆಂದು ಎತ್ತಿಟ್ಟರು.

ಕಾಗದದ ಗುಣವೂ ಸಣ್ಣದಲ್ಲ. ಎಳೆಯೆದ್ದ ಅಗ್ಗದ ಹಾಳೆಯಲ್ಲಿ ಎಂಥ ಮೊನೆಯೂ ಕೆಟ್ಟುದಾಗಿ ತೋರುವುದು. ಎಳೆ ಸೀಳಿನಲ್ಲಿ ಸಿಕ್ಕಿ ಗೆರೆ ಹರಡುವುದು. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆ ಕೆಲಸ ನಿಲ್ಲಿಸಿ ವರ್ಷಗಳಾದುವು. ಅಲ್ಲಿಯ ಕೆಲವು ಹಾಳೆಗಳು ಉಪಾಧ್ಯಾಯರ ಪೆಟ್ಟಿಗೆಯ ತಳದಲ್ಲಿದ್ದುವು. ಅಂಚು ಹಳದಿಯಾಗಿದ್ದರೂ ಮಸಿಯನ್ನು ಹಿಡಿದು ನಿಲ್ಲಿಸಿದುವು.

ಆ ರಾತ್ರಿ ಪತ್ರವು ಬರೆಯಲ್ಪಟ್ಟಿತು. ಒತ್ತಬೇಕಾಗಿರಲಿಲ್ಲವಾದ್ದರಿಂದ ಬೆರಳು ನೋಯಲಿಲ್ಲ. ಬೇಗ ಬರೆದರೆ ಹಸಿಮಸಿ ಅಂಗೈಗೆ ತಾಗುವುದಾದ್ದರಿಂದ ಪ್ರತಿ ಸಾಲಿಗೂ ನಿಲ್ಲಬೇಕಾಯಿತು. ನಿಂತಾಗಲೆಲ್ಲ ಮುಂದಿನ ಮಾತನ್ನು ಇನ್ನೊಮ್ಮೆ ಯೋಚಿಸಬೇಕಾಯಿತು. ಹಿಂದಿನ ಮೂರು ಹಾಳೆಗಳಲ್ಲಿ ಮೊದಲ ಸಾಲಿಗೇ ಬಂದಿದ್ದ ಬದುವಿನ ವಿಚಾರವು ಈ ಸಲ ಎರಡನೆಯ ಪುಟದವರೆಗೂ ಬರಲಿಲ್ಲ, ಬಂದಾಗಲೂ, “ಬದು ನಿಮ್ಮ ಕಡೆಗೇ ಇರಲಿ, ಅಣ್ಣ. ಅದರ ಮೇಲೆ ನಡೆದುಬರುವವರು ಯಾರಾದರೂ ಬೇಕಲ್ಲ” ಎಂಬಿಷ್ಟೇ ಮಾತಾಗಿ ಬಂದಿತು. ಬೆಳಗ್ಗೆ ಮೊಮ್ಮಗಳು ಅದನ್ನು ಅಂಚೆಗೆ ಹಾಕಿದಳು.

ಹತ್ತು ದಿನ ಉತ್ತರವಿರಲಿಲ್ಲ. ಹನ್ನೊಂದನೆಯ ದಿನ ಒಂದು ಕಾರ್ಡು ಬಂದಿತು. ಅಕ್ಷರಗಳು ನಡುಗಿದ್ದರೂ ಕೈ ಅಣ್ಣನದೇ. ಬದುವಿನ ಮಾತಿಲ್ಲ, ಹಳೆಯ ಸಂಗತಿ ಒಂದೂ ಇಲ್ಲ. ಕ್ಷೇಮಸಮಾಚಾರವಾದ ಮೇಲೆ ಇಷ್ಟು ಬರೆದಿದ್ದಿತು: “ನಿನ್ನ ಪೆನ್ನು ಏರುಗೆರೆಯಲ್ಲಿ ಇನ್ನೂ ಸರಿಯಾಗಿ ಮಸಿ ಕೊಡುತ್ತಿಲ್ಲ. ಮೂರನೆಯ ಪುಟದ ಠಕಾರವನ್ನು ನೋಡಿದೆ. ಬರುವಾಗ ತೆಗೆದುಕೊಂಡು ಬಾ, ನೋಡೋಣ. ಕಲ್ಲಿಗೆ ಮಾತ್ರ ಹಾಕಬೇಡ.”

ಉಪಾಧ್ಯಾಯರು ಕಾರ್ಡನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಪೆನ್ನಿನ ಮಸಿಯನ್ನು ಬಸಿದು, ತೊಳೆದು, ಒರಸಿ, ಬಟ್ಟೆಯಲ್ಲಿ ಸುತ್ತಿ, ಶಿವಮೊಗ್ಗೆಗೆ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆಂದು ಮೊಮ್ಮಗಳನ್ನು ಕೇಳಿದರು.